ಆಫೀಸಿಗೆ ತಂದ ಎಗ್‌ನಾಗ್ ಕುಡಿಯಬಹುದಾ?

ಪ್ರಶ್ನೆ: ನಾವು ಅಮೆರಿಕದ ಉತ್ತರ ಕೆರೊಲಿನಾದಲ್ಲಿ ಇದ್ದೇವೆ. ಡಿಸೆಂಬರ್ ಬಂತೆಂದರೆ ಇಲ್ಲಿನ ಅಂಗಡಿಗಳ ತುಂಬ ಎಗ್‌ನಾಗ್ ಡಬ್ಬಗಳು. ಕಳೆದ ವಾರ ಸಹೋದ್ಯೋಗಿಯೊಬ್ಬರು ಮನೆಯಲ್ಲೇ ಮಾಡಿದ ಎಗ್‌ನಾಗನ್ನು ದೊಡ್ಡ ಜಾಡಿಯಲ್ಲಿ ಆಫೀಸಿಗೆ ತಂದಿದ್ದರು. ಅದರಲ್ಲಿ ಹಸಿ ಮೊಟ್ಟೆ ಇದೆ ಎಂದು ಕೇಳಿ ನನಗೆ ಕುಡಿಯಲು ಧೈರ್ಯ ಬರಲಿಲ್ಲ. ರಮ್ ಹಾಕಿದ್ದೇನೆ, ಏನೂ ಆಗುವುದಿಲ್ಲ ಎಂದರು. ಅದು ನಿಜವೇ? ಈ ಪಾನೀಯ ಎಲ್ಲಿಂದ ಬಂತು? ಹೊಸ ವರ್ಷಕ್ಕೆ ಮನೆಯಲ್ಲಿ ಮಾಡುವ ಆಸೆ ಇದೆ. ಆರು ವರ್ಷದ ಮಗಳಿದ್ದಾಳೆ. ದಾವಣಗೆರೆಯಿಂದ ಅಮ್ಮ ಬಂದಿದ್ದಾರೆ, ಅವರು ಮೊಟ್ಟೆ ಮುಟ್ಟುವುದಿಲ್ಲ. ಹೇಗೆ ಮಾಡಲಿ?

ಉತ್ತರ: ಮೊದಲು ಅವಸರದ ಪ್ರಶ್ನೆ ಮುಗಿಸೋಣ. ರಮ್ ಹಾಕಿದ್ದಾರೆ ಎಂಬ ಒಂದೇ ಕಾರಣಕ್ಕೆ ಹಸಿ ಮೊಟ್ಟೆಯ ಎಗ್‌ನಾಗನ್ನು ನಂಬಿ ಕುಡಿಯಲು ಆಗುವುದಿಲ್ಲ. ನೀವು ಬೇಡ ಅಂದದ್ದು ಸರಿಯೇ. ಹಾಗಂತ ನಿಮ್ಮ ಸಹೋದ್ಯೋಗಿಯ ಮಾತು ಪೂರಾ ಸುಳ್ಳೂ ಅಲ್ಲ. ಅದರ ಹಿಂದೆ ನ್ಯೂಯಾರ್ಕಿನ ಒಂದು ಪ್ರಯೋಗಾಲಯದ ಕತೆಯೇ ಇದೆ, ಅಲ್ಲಿಗೆ ಆಮೇಲೆ ಬರುತ್ತೇನೆ. ನೀವು ಮನೆಯಲ್ಲಿ ಮಾಡುವುದಾದರೆ ಮೊಟ್ಟೆಯನ್ನು ಹಾಲಿನ ಜೊತೆ ಕಾಯಿಸಿಯೇ ಮಾಡಿ. ರುಚಿ ಕಡಿಮೆಯಾಗುವುದಿಲ್ಲ, ನನ್ನ ಕೇಳಿದರೆ ಜಾಸ್ತಿಯೇ ಆಗುತ್ತದೆ. ಅಮ್ಮನಿಗೆ ಮೊಟ್ಟೆಯಿಲ್ಲದ್ದನ್ನು ಬೇರೆ ಮಾಡಿ. ಅದನ್ನು ನಕಲಿ ಎಗ್‌ನಾಗ್ ಎಂದು ಯಾರಾದರೂ ಮೂಗು ಮುರಿದರೆ ತಲೆಗೆ ಹಚ್ಚಿಕೊಳ್ಳಬೇಡಿ. ಇದಕ್ಕೆ ಅಸಲಿ ಅನ್ನುವಂಥ ಒಂದು ಪಾಕ ಯಾವತ್ತೂ ಇರಲಿಲ್ಲ. ಆಯಾ ಊರಲ್ಲಿ ಏನು ಸಿಗುತ್ತಿತ್ತೋ, ಏನು ಅಗ್ಗವಿತ್ತೋ, ಅದನ್ನು ಹಾಕಿಕೊಂಡೇ ಈ ಪಾನೀಯ ಇಲ್ಲಿಯವರೆಗೆ ಬಂದಿದೆ.

ಇದನ್ನು ಕುಡಿಯದ ಓದುಗರಿಗಾಗಿ ಎರಡು ಮಾತು. ಹಾಲು, ಕ್ರೀಮ್, ಸಕ್ಕರೆ, ಮೊಟ್ಟೆ, ಮೇಲೆ ಒಂದು ಚಿಟಿಕೆ ಜಾಯಿಕಾಯಿ. ದೊಡ್ಡವರಿಗಾದರೆ ರಮ್ಮೋ ಬ್ರಾಂಡಿಯೋ ವಿಸ್ಕಿಯೋ ಸೇರುತ್ತದೆ. ಸಾಮಾನ್ಯವಾಗಿ ತಣ್ಣಗೆ ಕುಡಿಯುತ್ತಾರೆ. ಬಾದಾಮಿ ಹಾಲನ್ನು ಇನ್ನೂ ಗಟ್ಟಿ ಮಾಡಿ, ಏಲಕ್ಕಿ ಬದಲು ಜಾಯಿಕಾಯಿ ತುರಿದು ಹಾಕಿದರೆ ಹೇಗಿರುತ್ತದೋ ಹಾಗೆ.

ಇದರ ಬೇರು ಮಧ್ಯಯುಗದ ಇಂಗ್ಲೆಂಡಿನಲ್ಲಿದೆ. ಅಲ್ಲಿ ಪಾಸೆಟ್ ಎಂಬ ಪಾನೀಯ ಇತ್ತು. ಬಿಸಿ ಹಾಲಿಗೆ ವೈನನ್ನೋ ಏಲ್ ಎಂಬ ಬಿಯರನ್ನೋ ಸುರಿದು ಹಾಲು ಒಡೆಸುತ್ತಿದ್ದರು. ಮಸಾಲೆ, ಸಿಹಿ ಹಾಕುತ್ತಿದ್ದರು. ಹಾಲು ಒಡೆದರೆ ನಮಗೆ ದಿನವೇ ಕೆಟ್ಟ ಹಾಗೆ, ಅವರಿಗೆ ಅದೇ ಬೇಕಿತ್ತು! ನೆಗಡಿಗೆ, ನಿದ್ದೆ ಬಾರದಿದ್ದರೆ ಮನೆಮದ್ದಾಗಿಯೂ ಕೊಡುತ್ತಿದ್ದರು. ಬರಬರುತ್ತಾ ಮೊಟ್ಟೆ, ಕ್ರೀಮ್ ಸೇರಿ ಅದು ಹಬ್ಬದ, ಮದುವೆಯ ಪಾನೀಯವೂ ಆಯಿತು. 17ನೇ ಶತಮಾನದ ಪಾಸೆಟ್ ಪಾತ್ರೆಗಳನ್ನು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ನೋಡಬಹುದು. ಎರಡು ಕಡೆ ಹಿಡಿ, ಮೇಲೊಂದು ಮುಚ್ಚಳ, ಹೊಟ್ಟೆಯ ತಳದಿಂದ ಹೊರಟ ಸಣ್ಣ ಕೊಳವೆ. ಮೇಲೆ ತೇಲುವ ಗಟ್ಟಿ ಕೆನೆನೊರೆಯನ್ನು ಚಮಚದಲ್ಲಿ ತಿನ್ನಬೇಕು. ತಳದಲ್ಲಿ ಇಳಿದ ವೈನಿನ ತಿಳಿಯನ್ನು ಕೊಳವೆಗೆ ಬಾಯಿಟ್ಟು ಹೀರಬೇಕು. ಒಂದೇ ಪಾತ್ರೆಯಲ್ಲಿ ಊಟವೂ ಆಯಿತು, ಕುಡಿತವೂ ಆಯಿತು.

ಆದರೆ ಇಂಗ್ಲೆಂಡಿನಲ್ಲಿ ಇದು ಉಳ್ಳವರ ಮನೆಯದು. ಪಟ್ಟಣದ ಬಡವರಿಗೆ ತಾಜಾ ಹಾಲು, ಮೊಟ್ಟೆ ಸುಲಭವಾಗಿ ಸಿಗುತ್ತಿರಲಿಲ್ಲ. ಅದಕ್ಕೆ ಹಾಕುವ ಶೆರ್ರಿ ವೈನ್ ಸ್ಪೇನಿನಿಂದ ಬರಬೇಕು, ಮದೀರಾ ವೈನ್ ಪೋರ್ಚುಗೀಸರ ದ್ವೀಪದಿಂದ ಬರಬೇಕು. ಅಟ್ಲಾಂಟಿಕ್ ದಾಟಿದ ಮೇಲೆ ಲೆಕ್ಕವೇ ತಿರುಗಿತು. ಅಮೆರಿಕದ ವಸಾಹತುಗಳಲ್ಲಿ ಮನೆಮನೆಯಲ್ಲಿ ಹಸು, ಕೋಳಿ. ಹಾಲು, ಮೊಟ್ಟೆಗೆ ಬರವಿಲ್ಲ. ಯುರೋಪಿನ ವೈನ್, ಬ್ರಾಂಡಿ ಮಾತ್ರ ತೆರಿಗೆ ಸೇರಿ ದುಬಾರಿ. ಅದರ ಜಾಗಕ್ಕೆ ರಮ್ ಬಂತು. ಕೆರಿಬಿಯನ್ ದ್ವೀಪಗಳ ಕಬ್ಬಿನ ತೋಟಗಳಿಂದ ಕಾಕಂಬಿ ಹಡಗಿನಲ್ಲಿ ಬಂದು ಬಾಸ್ಟನ್, ನ್ಯೂಪೋರ್ಟ್‌ಗಳ ಭಟ್ಟಿಗಳಲ್ಲಿ ರಮ್ ಆಗುತ್ತಿತ್ತು. ಆ ಕಬ್ಬು ಕಡಿದವರು ಆಫ್ರಿಕಾದಿಂದ ಹಿಡಿದು ತಂದ ಗುಲಾಮರು. ರಮ್ ಅಷ್ಟು ಅಗ್ಗವಾಗಿದ್ದದ್ದು ಅವರ ಬೆವರಿಗೆ ಕೂಲಿ ಕೊಡದೆ ಇದ್ದುದರಿಂದ. ಹಬ್ಬದ ಪಾನೀಯದ ಇತಿಹಾಸ ಹೇಳುವಾಗ ಈ ಭಾಗವನ್ನು ಜಾರಿಸಿಬಿಡುವವರೇ ಹೆಚ್ಚು.

1795ರಿಂದ 1797ರವರೆಗೆ ಉತ್ತರ ಅಮೆರಿಕ ಸುತ್ತಿದ ಐರಿಷ್ ಪ್ರವಾಸಿ ಐಸಾಕ್ ವೆಲ್ಡ್ ಒಂದು ಸಂಗತಿ ಬರೆದಿಟ್ಟಿದ್ದಾನೆ. ಅಮೆರಿಕದ ಪ್ರಯಾಣಿಕರು ಪಯಣ ಮುಂದುವರಿಸುವ ಮೊದಲು ರೂಢಿಯಂತೆ ಎಗ್‌ನಾಗ್ ಕುಡಿಯುತ್ತಿದ್ದರಂತೆ. ಅದರಲ್ಲಿ ಇದ್ದದ್ದು ಆಗ ಕರೆದ ಹಾಲು, ಮೊಟ್ಟೆ, ರಮ್, ಸಕ್ಕರೆ. ಕ್ರೀಮ್ ಇಲ್ಲ, ವೆನಿಲ್ಲಾ ಇಲ್ಲ, ಕ್ರಿಸ್‌ಮಸ್ಸೂ ಇಲ್ಲ. ಪ್ರಯಾಣಕ್ಕೆ ಹೊರಡುವವರ ಹೊಟ್ಟೆಗೆ ಆಧಾರ, ಅಷ್ಟೇ. ಸ್ವಾತಂತ್ರ್ಯ ಯುದ್ಧದಿಂದಾಗಿ ಕಾಕಂಬಿ, ರಮ್ ಬರುವುದು ಕಷ್ಟವಾದ ಮೇಲೆ ಊರಿನ ಜೋಳ, ರೈ ಧಾನ್ಯದಿಂದ ಇಳಿಸಿದ ವಿಸ್ಕಿ ಬರಬರುತ್ತಾ ಆ ಜಾಗ ಹಿಡಿಯಿತು.

ಇಲ್ಲೊಂದು ಎಚ್ಚರಿಕೆ. ಡಿಸೆಂಬರ್‌ನಲ್ಲಿ ವಾಟ್ಸಾಪ್‌ನಲ್ಲಿ ಜಾರ್ಜ್ ವಾಷಿಂಗ್ಟನ್ ಅವರ ಎಗ್‌ನಾಗ್ ಪಾಕ ಅಂತ ಒಂದು ಬರುತ್ತದೆ. ಬ್ರಾಂಡಿ, ರೈ ವಿಸ್ಕಿ, ಜಮೈಕಾ ರಮ್, ಶೆರ್ರಿ ನಾಲ್ಕೂ ಇರುವ ಪಾಕ. ಮೊಟ್ಟೆ ಎಷ್ಟೆಂದು ಬರೆಯಲು ಮರೆತರಂತೆ ಎಂಬ ಒಗ್ಗರಣೆ ಬೇರೆ. ವಾಷಿಂಗ್ಟನ್ ಅವರ ಮನೆ ಮೌಂಟ್ ವರ್ನನ್ ಈಗ ಮ್ಯೂಸಿಯಂ. ಆ ಪಾಕ ಅವರದೆಂದು ಹೇಳಲು ಆಧಾರ ಇಲ್ಲ ಎಂದು ಅಲ್ಲಿನವರೇ ಹೇಳುತ್ತಾರೆ. ಅವರಿಗೆ ಸ್ವಂತ ವಿಸ್ಕಿ ಭಟ್ಟಿ ಇದ್ದದ್ದು ಮಾತ್ರ ನಿಜ. ಅದು 1799ರಲ್ಲಿ ಸುಮಾರು 11,000 ಗ್ಯಾಲನ್ ವಿಸ್ಕಿ ತಯಾರಿಸಿತ್ತು.

ಇನ್ನು, ಕ್ರಿಸ್‌ಮಸ್ಸಿಗೆ ಇದು ಯಾಕೆ ಅಂಟಿಕೊಂಡಿತು? ಚಳಿಯಲ್ಲಿ ಹಾಲು ಬೇಗ ಕೆಡುವುದಿಲ್ಲ ಅನ್ನುವುದು ಒಂದು. ಇನ್ನೊಂದನ್ನು ಕೋಳಿ ಸಾಕಿದವರು ಥಟ್ಟನೆ ಹೇಳುತ್ತಾರೆ. ಹಗಲು ಚಿಕ್ಕದಾದರೆ ಕೋಳಿ ಮೊಟ್ಟೆ ಇಡುವುದು ಕಡಿಮೆ. ಕೋಳಿಮನೆಗೆ ವಿದ್ಯುತ್ ದೀಪ ಬರುವ ಮೊದಲು ಡಿಸೆಂಬರ್‌ನಲ್ಲಿ ಮೊಟ್ಟೆಗೆ ತಾಪತ್ರಯ. ಅಂಥ ದಿನಗಳಲ್ಲಿ ಡಜನ್ ಮೊಟ್ಟೆಯನ್ನು ಒಂದೇ ಬೋಗುಣಿಗೆ ಒಡೆಯುವುದು ಅಂದರೆ ಹಬ್ಬದ ಧಾರಾಳತನವೇ ಸರಿ. 1862ರಲ್ಲಿ ಜೆರ್ರಿ ಥಾಮಸ್ ಎಂಬ ಬಾರ್‌ಟೆಂಡರ್ ತನ್ನ ಪಾಕಗಳನ್ನು ಅಚ್ಚು ಹಾಕಿಸಿದ. ದಕ್ಷಿಣದ ರಾಜ್ಯಗಳಲ್ಲಿ ಕ್ರಿಸ್‌ಮಸ್ಸಿಗೆ ಎಗ್‌ನಾಗ್ ಇಲ್ಲದೆ ಆಗುವುದೇ ಇಲ್ಲ, ಉತ್ತರದವರು ವರ್ಷವಿಡೀ ಕುಡಿಯುತ್ತಾರೆ ಎಂದು ಅದರಲ್ಲಿ ಬರೆದಿದ್ದಾನೆ. ಅವನು ಕೊಟ್ಟ ಬಾಲ್ಟಿಮೋರ್ ಪಾಕದಲ್ಲಿ ಮದೀರಾ ವೈನ್ ಇದೆ. ಇನ್ನೊಂದರಲ್ಲಿ ಹಾಲೇ ಇಲ್ಲ, ಮೊಟ್ಟೆ, ಸಕ್ಕರೆಗೆ ಸೇಬಿನ ಸೈಡರ್ ಸುರಿದು ಕೊಡುವುದು. ಅಂದರೆ ಆಗಲೇ ಒಂದೊಂದು ಊರಿಗೆ ಒಂದೊಂದು ಎಗ್‌ನಾಗ್.

ಈ ಪಾನೀಯ ಅಮೆರಿಕದ ಸೇನೆಯ ಇತಿಹಾಸದಲ್ಲೂ ಜಾಗ ಮಾಡಿಕೊಂಡಿದೆ. ನ್ಯೂಯಾರ್ಕ್ ರಾಜ್ಯದ ವೆಸ್ಟ್ ಪಾಯಿಂಟ್‌ನಲ್ಲಿ ಹಡ್ಸನ್ ನದಿಯ ದಡಕ್ಕೆ ಅಮೆರಿಕದ ಸೇನಾ ಅಕಾಡೆಮಿ ಇದೆ. 1826ರಲ್ಲಿ ಅಲ್ಲಿನ ಮುಖ್ಯಸ್ಥ ಸಿಲ್ವೇನಸ್ ಥೇಯರ್. ಶಿಸ್ತಿನ ಮನುಷ್ಯ. ಆವರಣದಲ್ಲಿ ಮದ್ಯ ತರಕೂಡದು, ಕುಡಿಯಕೂಡದು ಎಂದು ಕಟ್ಟಪ್ಪಣೆ. ಅಂದರೆ ಆ ವರ್ಷ ಕ್ರಿಸ್‌ಮಸ್ಸಿಗೆ ಸಪ್ಪೆ ಎಗ್‌ನಾಗ್. ಇಪ್ಪತ್ತರ ಹುಡುಗರು ಇದಕ್ಕೆ ಒಪ್ಪುತ್ತಾರಾ? ಕೆಲವರು ದೋಣಿಯಲ್ಲಿ ನದಿ ದಾಟಿ ಹೆಂಡದಂಗಡಿಗೆ ಹೋದರು. ಕಾವಲಿನವನ ಕೈ ಬೆಚ್ಚಗೆ ಮಾಡಿ ಗ್ಯಾಲನ್‌ಗಟ್ಟಲೆ ವಿಸ್ಕಿ ಒಳಗೆ ತಂದು ಕೋಣೆಗಳಲ್ಲಿ ಬಚ್ಚಿಟ್ಟರು. ಡಿಸೆಂಬರ್ 24ರ ರಾತ್ರಿ ನಾರ್ತ್ ಬ್ಯಾರಕ್ಸ್‌ನಲ್ಲಿ ಎಗ್‌ನಾಗ್ ಶುರುವಾಯಿತು.

ನಡುರಾತ್ರಿ ಕಳೆದ ಮೇಲೆ ಗದ್ದಲ ಕೇಳಿ ಕ್ಯಾಪ್ಟನ್ ಈಥನ್ ಅಲೆನ್ ಹಿಚ್‌ಕಾಕ್ ಕೋಣೆಗಳ ತಪಾಸಣೆಗೆ ಹೊರಟರು. ಹುಡುಗರಲ್ಲಿ ಒಬ್ಬ ಎಲ್ಲರನ್ನೂ ಎಚ್ಚರಿಸೋಣ ಎಂದು ಒಂದು ಕೋಣೆಗೆ ನುಗ್ಗಿ, ಎಲ್ಲ ಬಚ್ಚಿಡಿ, ಕ್ಯಾಪ್ಟನ್ ಹಿಚ್‌ಕಾಕ್ ಬರ್ತಿದ್ದಾರೆ ಎಂದು ಕೂಗಿದ. ಕ್ಯಾಪ್ಟನ್ ಆ ಕೋಣೆಯಲ್ಲೇ ನಿಂತಿದ್ದರು! ಆ ಹುಡುಗನ ಹೆಸರು ಜೆಫರ್ಸನ್ ಡೇವಿಸ್. ಮುಂದೆ ಅಂತರ್ಯುದ್ಧದ ಕಾಲದಲ್ಲಿ, ಅಮೆರಿಕದಿಂದ ಬೇರೆಯಾದ ದಕ್ಷಿಣದ ರಾಜ್ಯಗಳ ಒಕ್ಕೂಟದ ಅಧ್ಯಕ್ಷನಾದವನು ಅವನೇ. ನಿನ್ನ ಕೋಣೆಗೆ ಹೋಗು ಎಂದು ಅವನನ್ನು ಕಳಿಸಿದರು, ಅವನು ಹೋಗಿ ಮಲಗಿದ. ಆ ವಿಧೇಯತೆಯೇ ಅವನನ್ನು ಉಳಿಸಿತು. ಉಳಿದವರು ಸುಮ್ಮನಿರಲಿಲ್ಲ. ಬೆಳಗಾಗುವಷ್ಟರಲ್ಲಿ ಕಿಟಕಿ ಗಾಜು ಪುಡಿ, ಮೆಟ್ಟಿಲಿನ ಕಟಕಟೆ ಮುರಿದಿತ್ತು, ಕತ್ತಿ ಹಿರಿದದ್ದೂ ಆಗಿತ್ತು. ಇದಕ್ಕೆ ಎಗ್‌ನಾಗ್ ದಂಗೆ ಎಂದೇ ಹೆಸರಾಯಿತು. ವಿಚಾರಣೆ ಸೇನಾ ನ್ಯಾಯಾಲಯಕ್ಕೆ ಹೋಯಿತು, ಸುಮಾರು 20 ಕೆಡೆಟ್‌ಗಳು ಅದನ್ನು ಎದುರಿಸಿದರು. ಹಲವರನ್ನು ಅಕಾಡೆಮಿಯಿಂದಲೇ ಹೊರಹಾಕಿದರು.

ಇದೇ ತರಹದ ಪಾನೀಯಗಳು ಬೇರೆ ಕಡೆಗಳಲ್ಲೂ ಇವೆ. ಮೆಕ್ಸಿಕೋದ ಪ್ವೆಬ್ಲಾ ನಗರದ ಸಾಂತಾ ಕ್ಲಾರಾ ಕಾನ್ವೆಂಟಿನ ಸನ್ಯಾಸಿನಿಯರು ಮಾಡುತ್ತಿದ್ದ ರೊಂಪೋಪೆಯಲ್ಲಿ ಮೊಟ್ಟೆಯ ಹಳದಿ, ಹಾಲು, ಬಾದಾಮಿ. ಪೋರ್ಟೊ ರಿಕೋದ ಕೊಕೀತೊದಲ್ಲಿ ತೆಂಗಿನ ಹಾಲು, ಕಂಡೆನ್ಸ್‌ಡ್ ಮಿಲ್ಕ್, ರಮ್, ಮೇಲೆ ದಾಲ್ಚಿನ್ನಿ. ಎಷ್ಟೋ ಮನೆಗಳಲ್ಲಿ ಅದಕ್ಕೆ ಮೊಟ್ಟೆಯನ್ನೇ ಹಾಕುವುದಿಲ್ಲ. ನೆದರ್ಲೆಂಡ್ಸಿನ ಆಡ್ವೊಕಾಟ್ ಎಷ್ಟು ಗಟ್ಟಿಯೆಂದರೆ ಚಮಚದಲ್ಲಿ ತಿನ್ನುತ್ತಾರೆ. ನಮ್ಮ ಮಂಗಳೂರಿನ ಕ್ರಿಸ್‌ಮಸ್ಸಿನಲ್ಲಿ ಎಗ್‌ನಾಗ್ ಇಲ್ಲ. ಅಲ್ಲಿ ಕುಸ್ವಾರ್ ಎಂಬ ಹಬ್ಬದ ತಿಂಡಿಗಳಾದ ನೆವ್ರಿ, ಕಿಡಿಯೊ, ಗುಳಿಯೊ, ಜೊತೆಗೆ ಮನೆಯಲ್ಲಿ ಮಾಡಿದ ದ್ರಾಕ್ಷಿ ವೈನ್.

ಕರ್ನಾಟಕದ ನಂಟು ಇರುವುದು ಜಾಯಿಕಾಯಿಯಲ್ಲಿ. ಅದರ ತವರು ಇಂಡೋನೇಷ್ಯಾದ ಬಾಂಡಾ ದ್ವೀಪಗಳು. ಅದಕ್ಕಾಗಿ ಡಚ್ಚರು, ಇಂಗ್ಲಿಷರು ಹೊಡೆದಾಡಿದರು. ಕೊನೆಗೆ 1667ರ ಬ್ರೆಡಾ ಒಪ್ಪಂದದಲ್ಲಿ ಜಾಯಿಕಾಯಿ ಬೆಳೆಯುವ ರನ್ ಎಂಬ ಪುಟ್ಟ ದ್ವೀಪ ಡಚ್ಚರ ಪಾಲಿಗೆ ಉಳಿಯಿತು, ಮ್ಯಾನ್‌ಹಟನ್ ಇಂಗ್ಲಿಷರ ಪಾಲಾಯಿತು. ಆಗ ಲಾಭ ಯಾರದು ಎಂದು ಕೇಳಿದ್ದರೆ ಡಚ್ಚರದ್ದೇ ಅನ್ನುತ್ತಿದ್ದರೇನೋ! ಇವತ್ತು ಶಿರಸಿ ಕಡೆಯ, ದಕ್ಷಿಣ ಕನ್ನಡದ ಅಡಿಕೆ ತೋಟಗಳಲ್ಲಿ ಜಾಯಿಕಾಯಿ ಉಪಬೆಳೆ. ನಿಮ್ಮ ತಾಯಿ ಊರಿಂದ ಬರುವಾಗ ಇಡೀ ಜಾಯಿಕಾಯಿ ತಂದಿದ್ದರೆ ಅದನ್ನೇ ಬಳಸಿ. ಡಬ್ಬದ ಪುಡಿಯ ಘಮ ತೆರೆದ ಮೇಲೆ ಬೇಗ ಹಾರಿಹೋಗುತ್ತದೆ, ಆಗಷ್ಟೇ ತುರಿದದ್ದರ ಮುಂದೆ ಅದು ನಿಲ್ಲುವುದಿಲ್ಲ. ಆದರೆ ಕೈ ಬಿಗಿ ಇರಲಿ. ಜಾಯಿಕಾಯಿಯಲ್ಲಿ ಮಿರಿಸ್ಟಿಸಿನ್ ಎಂಬ ಅಂಶವಿದೆ. ಒಂದೇ ಸಲಕ್ಕೆ ಐದಾರು ಗ್ರಾಂ ಹೊಟ್ಟೆಗೆ ಹೋದರೆ ತಲೆಸುತ್ತು, ವಾಂತಿ, ಎದೆಬಡಿತ ಬರಬಹುದು. ಒಂದು ಇಡೀ ಕಾಯಿಯ ತೂಕವೇ ಸುಮಾರು ಅಷ್ಟು. ಲೋಟಕ್ಕೆ ಒಂದು ಚಿಟಿಕೆ ಸಾಕು.

ಈಗ ಮೊಟ್ಟೆಯ ವಿಷಯ. ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಚಿಪ್ಪಿನ ಮೇಲಿನ ಕೊಳೆಯಲ್ಲಿ ಮಾತ್ರ ಇರುತ್ತದೆ, ತೊಳೆದರೆ ಹೋಯಿತು ಎಂದುಕೊಂಡವರು ತುಂಬ ಜನ. ಅದರ ಒಂದು ಬಗೆ ಕೋಳಿಯ ಅಂಡಾಶಯದಲ್ಲೇ ಇದ್ದು, ಚಿಪ್ಪು ಕಟ್ಟುವ ಮೊದಲೇ ಮೊಟ್ಟೆಯ ಒಳಗೆ ಸೇರುತ್ತದೆ. ನೋಡಲು ಮೊಟ್ಟೆ ಶುಭ್ರವಾಗಿರುತ್ತದೆ, ವಾಸನೆಯೂ ಇರುವುದಿಲ್ಲ. ಅಮೆರಿಕದಲ್ಲಿ 20,000 ಮೊಟ್ಟೆಗೆ ಒಂದರಲ್ಲಿ ಹೀಗಿರಬಹುದು ಎಂಬ ಅಂದಾಜು ಬಹಳ ಕಾಲದಿಂದ ಬಳಕೆಯಲ್ಲಿದೆ. ಅಷ್ಟೇನಾ ಅನ್ನಿಸಬಹುದು. ಬೆಳಗ್ಗೆ ಒಂದು ಅರೆಬೆಂದ ಮೊಟ್ಟೆ ತಿನ್ನುವವರಿಗೆ ಅಷ್ಟೇ. ಪಾರ್ಟಿಯ ಬೋಗುಣಿಯ ಲೆಕ್ಕ ಬೇರೆ. ಡಜನ್ ಮೊಟ್ಟೆ ಒಟ್ಟಿಗೆ ಒಡೆದಾಗ ಒಂದು ಕೆಟ್ಟದ್ದಿದ್ದರೂ ಇಡೀ ಬೋಗುಣಿಗೆ ಹರಡುತ್ತದೆ. ಆಮೇಲೆ ಅದು ಗಂಟೆಗಟ್ಟಲೆ ಮೇಜಿನ ಮೇಲೆ ಕೂರುತ್ತದೆ. ಹಾಲು, ಸಕ್ಕರೆ, ಬೆಚ್ಚಗಿನ ಕೋಣೆ! ಬ್ಯಾಕ್ಟೀರಿಯಾಗೆ ಇನ್ನೇನು ಬೇಕು? ಕುಡಿಯುವವರು ಇಪ್ಪತ್ತು ಜನ, ಅದರಲ್ಲಿ ಮಕ್ಕಳು, ಬಸುರಿಯರು, ವಯಸ್ಸಾದವರು ಇದ್ದರೆ ಅಪಾಯ ಇನ್ನೂ ಜಾಸ್ತಿ.

ರಮ್ ಇದನ್ನೆಲ್ಲ ಕೊಲ್ಲುವುದಿಲ್ಲವಾ? ಈಗ ಆ ಪ್ರಯೋಗಾಲಯದ ಕತೆ. ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯಲ್ಲಿ ರೆಬೆಕಾ ಲ್ಯಾನ್ಸ್‌ಫೀಲ್ಡ್ ಎಂಬ ದೊಡ್ಡ ಸೂಕ್ಷ್ಮಜೀವಿ ವಿಜ್ಞಾನಿ ಇದ್ದರು. ಗಂಟಲು ನೋವು ತರುವ ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾಗಳನ್ನು ಗುಂಪುಗಳಾಗಿ ವಿಂಗಡಿಸಿದವರು ಅವರೇ, ಇಂದಿಗೂ ಆ ಗುಂಪುಗಳಿಗೆ ಅವರ ಹೆಸರಿದೆ. ಅವರು ಪ್ರತಿ ವರ್ಷ ಕ್ರಿಸ್‌ಮಸ್ಸಿಗೆ ವಾರಗಳ ಮೊದಲೇ ಹಸಿ ಮೊಟ್ಟೆಯ ಎಗ್‌ನಾಗ್ ಮಾಡಿ ಫ್ರಿಜ್‌ನಲ್ಲಿಟ್ಟು, ಹಬ್ಬದ ಹೊತ್ತಿಗೆ ಪ್ರಯೋಗಾಲಯದವರಿಗೆ ಕೊಡುತ್ತಿದ್ದರು. ಅವರ ನಂತರ ಅದೇ ಸಂಸ್ಥೆಯ ವಿನ್ಸೆಂಟ್ ಫಿಶೆಟ್ಟಿ ಆ ಪದ್ಧತಿ ಮುಂದುವರಿಸಿದರು. ಅವರ ತಂಡ ಒಮ್ಮೆ ಆ ಎಗ್‌ನಾಗ್‌ಗೆ ಬೇಕೆಂದೇ ಸಾಲ್ಮೊನೆಲ್ಲಾ ಬೆರೆಸಿ ನೋಡಿತು. ಒಂದು ವಾರ ಕಳೆದರೂ ಬ್ಯಾಕ್ಟೀರಿಯಾ ಬದುಕಿತ್ತು. ಮೂರು ವಾರದ ಹೊತ್ತಿಗೆ ಒಂದೂ ಇರಲಿಲ್ಲ.

ಜನ ಈ ಕತೆಯ ಕೊನೆಯ ಸಾಲನ್ನು ಮಾತ್ರ ನೆನಪಿಟ್ಟುಕೊಂಡಿದ್ದಾರೆ. ಆ ಪಾಕದಲ್ಲಿ ಡಜನ್ ಮೊಟ್ಟೆಗೆ ಬರ್ಬನ್ ವಿಸ್ಕಿ, ರಮ್ ಎರಡೂ ಸೇರಿ ಲೀಟರಿಗಿಂತ ಜಾಸ್ತಿ ಮದ್ಯ ಇತ್ತು ಎಂಬುದನ್ನು ಮರೆತಿದ್ದಾರೆ. ಮಾಮೂಲಿ ಮನೆ ಪಾಕದ ಲೆಕ್ಕ ಹಾಕಿ ನೋಡಿ. ಅರ್ಧ ಲೀಟರ್ ಹಾಲು, ಕಾಲು ಲೀಟರ್ ಕ್ರೀಮ್, ಮೊಟ್ಟೆ, ಸಕ್ಕರೆ, 120 ಮಿ.ಲೀ. ರಮ್. ರಮ್‌ನಲ್ಲಿ ಶೇ 40 ಆಲ್ಕೋಹಾಲ್ ಎಂದರೆ ಒಟ್ಟು ಪಾನೀಯದಲ್ಲಿ ಅದು ಶೇ 5ಕ್ಕೂ ಕಡಿಮೆ. ಬಿಯರಿನಷ್ಟು. ಅಷ್ಟಕ್ಕೆ ಸಾಲ್ಮೊನೆಲ್ಲಾ ಸಾಯುವುದಿಲ್ಲ, ಅದೂ ಹಿಂದಿನ ರಾತ್ರಿ ಮಾಡಿ ಬೆಳಗ್ಗೆ ಆಫೀಸಿಗೆ ತಂದರೆ. ನಿಮ್ಮ ಸಹೋದ್ಯೋಗಿಯನ್ನು ಎರಡೇ ಮಾತು ಕೇಳಬಹುದಿತ್ತು: ಮೊಟ್ಟೆ ಕಾಯಿಸಿದ್ದೀರಾ, ಇಲ್ಲವೇ ಪಾಶ್ಚರೀಕರಿಸಿದ, ಅಂದರೆ ಬೇಯದಷ್ಟು ಬಿಸಿ ಮಾಡಿ ಬ್ಯಾಕ್ಟೀರಿಯಾ ಕೊಂದ ಮೊಟ್ಟೆ ಬಳಸಿದ್ದೀರಾ? ಚಿಪ್ಪಿನೊಳಗೇ ಪಾಶ್ಚರೀಕರಿಸಿದ ಮೊಟ್ಟೆ ನಿಮ್ಮಲ್ಲಿ ಕೆಲವು ಅಂಗಡಿಗಳಲ್ಲಿ ಸಿಗಬಹುದು. ಎರಡರಲ್ಲಿ ಒಂದಕ್ಕೆ ಹೌದು ಎಂದಿದ್ದರೆ, ಜಾಡಿ ಫ್ರಿಜ್‌ನಿಂದ ಬಂದಿದ್ದರೆ, ಆರಾಮಾಗಿ ಕುಡಿಯಬಹುದಿತ್ತು.

ಮಾಡುವ ವಿಧಾನಕ್ಕೆ ಬರೋಣ. ಆರು ಜನಕ್ಕೆ ಆರು ಮೊಟ್ಟೆಯ ಹಳದಿ, 100 ಗ್ರಾಂ ಸಕ್ಕರೆ, 500 ಮಿ.ಲೀ. ಗಟ್ಟಿ ಹಾಲು, 250 ಮಿ.ಲೀ. ಕ್ರೀಮ್, ಚಿಟಿಕೆ ಉಪ್ಪು, ಅರ್ಧ ಚಮಚ ವೆನಿಲ್ಲಾ, ಜಾಯಿಕಾಯಿ. ಉಪ್ಪು ಬಿಡಬೇಡಿ, ಅದಿಲ್ಲದಿದ್ದರೆ ಸಿಹಿ ಮೊಂಡಾಗಿ ಕೇಳುತ್ತದೆ. ಊರಿನಲ್ಲಿ ಇದನ್ನು ಓದುತ್ತಿರುವವರಿಗೆ ಒಂದು ಮಾತು: ನಮ್ಮ ಅಂಗಡಿಯ ಟೆಟ್ರಾ ಪ್ಯಾಕ್ ಫ್ರೆಶ್ ಕ್ರೀಮಿನಲ್ಲಿ ಶೇ 25ರಷ್ಟು ಕೊಬ್ಬು, ಅಮೆರಿಕದ ಹೆವಿ ಕ್ರೀಮಿನಲ್ಲಿ ಶೇ 36ಕ್ಕೆ ಕಡಿಮೆ ಇಲ್ಲ. ಆದ್ದರಿಂದ ಇಲ್ಲಿ ಶೇ 6 ಕೊಬ್ಬಿನ ಫುಲ್ ಕ್ರೀಮ್ ಹಾಲು ಬಳಸಿದರೆ ಹದ ಸರಿಹೋಗುತ್ತದೆ.

ಹಳದಿಗೆ ಸಕ್ಕರೆ ಹಾಕಿದ ಕೂಡಲೇ ಕದಡಲು ಶುರು ಮಾಡಿ. ಸಕ್ಕರೆ ಸುರಿದು ಫೋನಿಗೆ ಕೈ ಹಾಕಿದಿರೋ, ಹಳದಿಯ ನೀರನ್ನೆಲ್ಲ ಸಕ್ಕರೆ ಎಳೆದುಕೊಂಡು ಸಣ್ಣ ಸಣ್ಣ ಗಂಟು ಕಟ್ಟುತ್ತದೆ. ಆಮೇಲೆ ಎಷ್ಟು ಕದಡಿದರೂ ಅವು ಕರಗುವುದಿಲ್ಲ. ಬಣ್ಣ ತಿಳಿಯಾಗಿ, ವಿಸ್ಕ್ ಎತ್ತಿದರೆ ಪಟ್ಟಿಯ ಹಾಗೆ ಬೀಳುವವರೆಗೆ ಕದಡಿ. ಇತ್ತ ದಪ್ಪ ತಳದ ಪಾತ್ರೆಯಲ್ಲಿ ಹಾಲು, ಕ್ರೀಮ್, ಉಪ್ಪು ಹಾಕಿ ಅಂಚಿನಲ್ಲಿ ಗುಳ್ಳೆ ಬರುವ ತನಕ ಕಾಯಿಸಿ. ಬಿಸಿ ಹಾಲನ್ನು ಒಂದೊಂದೇ ಸೌಟು ಹಳದಿಗೆ ಸುರಿಯುತ್ತಾ ಕದಡಿ. ಒಮ್ಮೆಲೇ ಸುರಿದರೆ ಮೊಟ್ಟೆ ಅಲ್ಲೇ ಬೆಂದು ಚೂರುಚೂರಾಗುತ್ತದೆ. ಅರ್ಧ ಹಾಲು ಸೇರಿದ ಮೇಲೆ ಎಲ್ಲವನ್ನೂ ಪಾತ್ರೆಗೆ ವಾಪಸ್ ಹಾಕಿ, ಸಣ್ಣ ಉರಿಯಲ್ಲಿಡಿ.

ಇನ್ನು ಮುಂದಿನ ಏಳೆಂಟು ನಿಮಿಷ ಒಲೆ ಬಿಟ್ಟು ಕದಲಬೇಡಿ. ಮರದ ಚಮಚದಿಂದ ತಳ ಕೆರೆಯುತ್ತಾ ಇರಿ. ಮೊದಲು ಮೇಲಿನ ನೊರೆ ಅಡಗುತ್ತದೆ. ಹಸಿ ಮೊಟ್ಟೆಯ ವಾಸನೆ ಹೋಗಿ ಸಿಹಿ ಹಾಲಿನ ವಾಸನೆ ಬರುತ್ತದೆ. ನೀರಿನ ಹಾಗೆ ಅಲೆಯುತ್ತಿದ್ದದ್ದು ಭಾರವಾಗಿ, ನಿಧಾನವಾಗಿ ಅಲೆಯಲು ಶುರುವಾಗುತ್ತದೆ. ಚಮಚದ ಬೆನ್ನಿನ ಮೇಲೆ ಬೆರಳಲ್ಲಿ ಗೆರೆ ಎಳೆದರೆ ಗೆರೆ ಹಾಗೇ ನಿಲ್ಲಬೇಕು. ಆದರೆ ಕಣ್ಣಳತೆಯ ಮೇಲೆ ಸುರಕ್ಷತೆ ಬಿಡಬೇಡಿ, ಅಡುಗೆ ಥರ್ಮಾಮೀಟರ್ ಇಡಿ. 160 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 71 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು ಎಂಬುದು ಅಮೆರಿಕದ ಆಹಾರ ಇಲಾಖೆಯ ಸೂಚನೆ. ನಾನು 75ರಲ್ಲಿ ಇಳಿಸುತ್ತೇನೆ. 80 ದಾಟಿದರೆ ಗಂಟಾಗುವ ಭಯ, ಕುದಿಯಿತೋ ಮುಗಿಯಿತು. ಬರೀ ಹಳದಿಯಾದರೆ 65ರ ಸುಮಾರಿಗೇ ಗಟ್ಟಿಯಾಗಲು ತೊಡಗುತ್ತದೆ. ಹಾಲು, ಸಕ್ಕರೆ ಮೊಟ್ಟೆಯ ಪ್ರೋಟೀನನ್ನು ಒಂದಕ್ಕೊಂದು ದೂರ ಇಟ್ಟಿರುವುದರಿಂದಲೇ ನಮಗೆ ಇಷ್ಟು ಬಿಡುವು ಸಿಗುವುದು.

ಇಳಿಸಿದ ತಕ್ಷಣ ಸೋಸಿ. ಎಷ್ಟೇ ಜೋಪಾನ ಮಾಡಿದರೂ ಜರಡಿಯಲ್ಲಿ ಒಂದಿಷ್ಟು ಚೂರು ಉಳಿಯುತ್ತದೆ, ಅದು ಮಾಮೂಲು. ಪಾತ್ರೆಯನ್ನು ಐಸ್ ನೀರಿನಲ್ಲಿಟ್ಟು ಬೇಗ ಆರಿಸಿ, ವೆನಿಲ್ಲಾ ಹಾಕಿ, ಮುಚ್ಚಿ ಫ್ರಿಜ್‌ನಲ್ಲಿಡಿ. ಒಂದು ರಾತ್ರಿ ಕೂತರೆ ರುಚಿ ಒಂದಕ್ಕೊಂದು ಬೆರೆಯುತ್ತದೆ. ಮಗಳ ಪಾಲನ್ನು ಮೊದಲೇ ಬೇರೆ ಬಾಟಲಿಗೆ ತೆಗೆದಿಟ್ಟು, ಉಳಿದದ್ದು ಪೂರ್ತಿ ತಣ್ಣಗಾದ ಮೇಲೆ ಬೇಕಿದ್ದರೆ ರಮ್ ಸೇರಿಸಿ. ಆರು ಲೋಟಕ್ಕೆ 120 ಮಿ.ಲೀ. ಸಾಕು. ಬಡಿಸುವಾಗ ಬೋಗುಣಿಯನ್ನು ಐಸ್ ಮೇಲಿಡಿ, ಎರಡು ಗಂಟೆಗಿಂತ ಜಾಸ್ತಿ ಹೊರಗೆ ಬಿಡಬೇಡಿ. ಫ್ರಿಜ್‌ನಲ್ಲಿದ್ದರೂ ಎರಡು ಮೂರು ದಿನದಲ್ಲಿ ಮುಗಿಸಿ. ಹಳೆಯ ಪಾಕಗಳಲ್ಲಿ ಬಿಳಿಯನ್ನು ನೊರೆ ಬರುವಂತೆ ಬಡಿದು ಮೇಲೆ ತೇಲಿಸುತ್ತಿದ್ದರು. ಆ ನೊರೆಯ ಆಸೆ ಇದ್ದರೆ ಪಾಶ್ಚರೀಕರಿಸಿದ ಬಿಳಿ ತನ್ನಿ. ಇಲ್ಲದಿದ್ದರೆ ಸ್ವಲ್ಪ ಕ್ರೀಮನ್ನೇ ಬಡಿದು ಹಾಕಿ.

ಅಮ್ಮನದ್ದನ್ನು ಮೊದಲು ಮಾಡಿ. ಮೊಟ್ಟೆ ಒಡೆಯುವ ಮುಂಚೆ, ಬೇರೆ ಪಾತ್ರೆ, ಬೇರೆ ಸೌಟಿನಲ್ಲಿ. ಇಲ್ಲವಾದರೆ ಪಾಪ, ಮಗನ ಮನೆ ಎಂಬ ದಾಕ್ಷಿಣ್ಯಕ್ಕೆ ಲೋಟ ಹಿಡಿದು ಕೂರುತ್ತಾರೆ, ಕುಡಿಯುವುದಿಲ್ಲ. ಇದಕ್ಕೆ ಕಸ್ಟರ್ಡ್ ಪೌಡರ್ ಸಾಕು. ಅದು ಹುಟ್ಟಿದ್ದೇ ಮೊಟ್ಟೆ ಆಗದ ಒಬ್ಬ ಹೆಂಗಸಿಗಾಗಿ. ಬರ್ಮಿಂಗ್‌ಹ್ಯಾಮಿನ ಆಲ್ಫ್ರೆಡ್ ಬರ್ಡ್ ಎಂಬ ಔಷಧಿ ಅಂಗಡಿಯವನ ಹೆಂಡತಿಗೆ ಮೊಟ್ಟೆ ಅಲರ್ಜಿ. ಅವಳೂ ಕಸ್ಟರ್ಡ್ ತಿನ್ನಲಿ ಎಂದು 1837ರಲ್ಲಿ ಅವನು ಕಾರ್ನ್‌ಫ್ಲೋರಿನಿಂದ ಈ ಪುಡಿ ಮಾಡಿದ. ಒಂದು ಲೀಟರ್ ಹಾಲಿಗೆ ಒಂದೂವರೆ ದೊಡ್ಡ ಚಮಚ ಪುಡಿ, 80 ಗ್ರಾಂ ಸಕ್ಕರೆ, ನೆನೆಸಿ ಸಿಪ್ಪೆ ತೆಗೆದು ನುಣ್ಣಗೆ ರುಬ್ಬಿದ ಇಪ್ಪತ್ತು ಬಾದಾಮಿ. ಪುಡಿಯನ್ನು ತಣ್ಣನೆ ಹಾಲಿನಲ್ಲಿ ಕದಡಿಯೇ ಹಾಕಿ. ಇಲ್ಲಿ ಉರಿಯ ಲೆಕ್ಕ ಉಲ್ಟಾ. ಮೊಟ್ಟೆಯದು ಕುದಿಯಕೂಡದು, ಇದು ಕುದಿಯಲೇಬೇಕು. ಒಂದೆರಡು ನಿಮಿಷ ಚೆನ್ನಾಗಿ ಕುದಿಸದಿದ್ದರೆ ಹಿಟ್ಟಿನ ಹಸಿ ವಾಸನೆ ಉಳಿಯುತ್ತದೆ. ಆರಿದ ಮೇಲೆ ತೀರಾ ಗಟ್ಟಿ ಅನ್ನಿಸಿದರೆ ಹಾಲು ಸೇರಿಸಿ ತೆಳ್ಳಗೆ ಮಾಡಿಕೊಳ್ಳಿ. ಬಡಿಸುವಾಗ ಜಾಯಿಕಾಯಿ.

ಅಂಗಡಿಯ ಡಬ್ಬದ ಬಗ್ಗೆಯೂ ಹೇಳಿಬಿಡುತ್ತೇನೆ. ಹಾಲಿನ ಸಾಲಿನಲ್ಲಿ ಸಿಗುವ ಎಗ್‌ನಾಗ್ ಪಾಶ್ಚರೀಕರಿಸಿದ್ದು, ಮದ್ಯ ಇರುವುದಿಲ್ಲ, ಮಗಳಿಗೆ ಕೊಡಬಹುದು. ಮದ್ಯ ಬೆರೆಸಿ ಬಾಟಲಿ ತುಂಬಿದ್ದೂ ಬೇರೆ ಸಿಗುತ್ತದೆ, ಆದ್ದರಿಂದ ಲೇಬಲ್ ಓದಿ. ಅಮೆರಿಕದ ನಿಯಮದ ಪ್ರಕಾರ ಎಗ್‌ನಾಗ್ ಎಂದು ಕರೆಯಲು ಕನಿಷ್ಠ ಶೇ 6 ಹಾಲಿನ ಕೊಬ್ಬು, ಶೇ 1 ಮೊಟ್ಟೆ ಹಳದಿಯ ಘನ ಅಂಶ ಇದ್ದರೆ ಸಾಕು. ಉಳಿದ ಗಟ್ಟಿತನವೆಲ್ಲ ಹೆಚ್ಚಾಗಿ ಗ್ವಾರ್ ಗಮ್, ಕಡಲಪಾಚಿಯಿಂದ ತೆಗೆದ ಕ್ಯಾರಗೀನನ್‌ನದು. ಗ್ವಾರ್ ಗಮ್ ಅಂದರೆ ನಮ್ಮ ಗೋರಿಕಾಯಿ ಬೀಜದ ಹಿಟ್ಟು. ಅದು ಹೆಚ್ಚು ಬೆಳೆಯುವುದು ರಾಜಸ್ಥಾನದಲ್ಲಿ. ಸಕ್ಕರೆ ಅರ್ಧ ಕಪ್ಪಿಗೆ ಸುಮಾರು 20 ಗ್ರಾಂ ಇರುತ್ತದೆ, ಮಗುವಿಗೆ ಕೊಡುವಾಗ ಅರ್ಧಕ್ಕರ್ಧ ಹಾಲು ಬೆರೆಸಿ. ಸೋಯಾ, ಬಾದಾಮಿ, ಓಟ್ಸ್ ಹಾಲಿನಿಂದ ಮಾಡಿದ ಮೊಟ್ಟೆಯಿಲ್ಲದ ಡಬ್ಬಗಳೂ ಇವೆ, ಅಮ್ಮನಿಗೆ ಮಾಡಲು ಪುರುಸೊತ್ತಾಗದಿದ್ದರೆ ಅವನ್ನು ತರಬಹುದು.

ಮೊಟ್ಟೆಯ ಬಿಳಿ ಆರು ಉಳಿದಿರುತ್ತದೆ, ಫ್ರಿಜ್‌ನಲ್ಲಿ ಮುಚ್ಚಿಟ್ಟರೆ ಎರಡು ಮೂರು ದಿನ ಇರುತ್ತದೆ, ಆಮ್ಲೆಟ್‌ಗೆ ಆಯಿತು. ಎಗ್‌ನಾಗೇ ಉಳಿದರೆ ಅದರಲ್ಲಿ ಬ್ರೆಡ್ ಅದ್ದಿ ತುಪ್ಪದಲ್ಲಿ ಸುಟ್ಟುಕೊಳ್ಳಿ. ಬ್ರೆಡ್ ಹಿಂದಿನ ದಿನದ್ದಾಗಿದ್ದರೆ ಒಳ್ಳೆಯದು, ಹೊಸದು ಕೈಯಲ್ಲೇ ಮುದ್ದೆಯಾಗುತ್ತದೆ.